ಲಾರಿಗೆ ಎತ್ತು ಹೂಡಿದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಸೋದರಮಾವನ ಲಾರಿ ಹೋದದ್ದು ಎಂಜಿನ್ ಕೆಟ್ಟು ಅಲ್ಲ, ನನ್ನ ಬಾಯಿಂದ. ಅದೂ ಒಂದು ಸಲವಲ್ಲ. ಮೊದಲ ಸಲ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಿದೆ. ಎರಡನೇ ಸಲ ಗೊತ್ತಿದ್ದದ್ದನ್ನು ತೋರಿಸಬಾರದ ಕಡೆ ತೋರಿಸಿದೆ. ಎರಡು ಸಲವೂ ಸುತ್ತ ಇದ್ದವರು ನಕ್ಕರು, ನನಗೆ ಅಷ್ಟು ಸಾಕಾಗಿತ್ತು.

ಆಗ ನನಗೆ ಹತ್ತೊಂಬತ್ತು. ಉರ್ದು ಮಿಡ್ಲ್ ಪಾಸು ಮಾಡಿ, ಸಿಂಧನೂರಿನಲ್ಲಿ ಮಾವನ ಮನೆಯಲ್ಲಿ ಉಂಡುಕೊಂಡು, ಮಾವನ ಲಾರಿಯ ಕಾಗದಪತ್ರವೆಲ್ಲ ನನ್ನ ಕೈಯಲ್ಲೇ ಇದೆ ಎಂದು ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದೆ. ನೋಡಲು ಒಣಗಿದ ಜೋಳದ ದಂಟು, ತುದಿಗೆ ಎರಡು ಕಿವಿ. ದೇವರು ಮೈಗೆ ಕೊಡಬೇಕಾದದ್ದನ್ನೆಲ್ಲ ಗಂಟಲಿಗೆ ಸುರಿದಿದ್ದ. ಎಲೆ ಅಡಿಕೆ ದವಡೆಯಲ್ಲಿಟ್ಟುಕೊಂಡು ಮಾತಾಡುವ ಅಡತಿ ದಲಾಲಿ, ಎಮ್ಮೆಯನ್ನೂ ಗಂಡನನ್ನೂ ಒಂದೇ ದನಿಯಲ್ಲಿ ಕರೆಯುವ ನಮ್ಮ ಅತ್ತಿ, ಸುಳ್ಳು ಸಿಕ್ಕಿಬಿದ್ದಾಗ ಉಗುಳು ನುಂಗುವ ನಾನು, ಎಲ್ಲರೂ ನನ್ನ ಬಾಯಲ್ಲಿ ಇದ್ದರು. ಮಾವನ ಲಾರಿಯೂ ಇತ್ತು. ಹ್ಯಾಂಡಲ್ ತಿರುಗಿಸಿದಾಗ ಅದು ಕೆಮ್ಮುವುದು, ಒಂದನೇ ಗೇರಿನಲ್ಲಿ ನರಳುವುದು, ಎರಡನೆಯದರಲ್ಲಿ ಗೊಣಗುವುದು, ಎಲ್ಲವನ್ನೂ ಕಟ್ಟೆಯ ಮೇಲೆ ಕುಳಿತು ಮಾಡಿ ತೋರಿಸುತ್ತಿದ್ದೆ. ಒಳಗೆ ರೊಟ್ಟಿ ತಿನ್ನುತ್ತಿದ್ದ ಮಾವ ಒಮ್ಮೆ, ಯಾರೋ ಗಾಡಿ ಒಯ್ಯುತ್ತಿದ್ದಾರೆಂದು ಎಡಗೈಯಲ್ಲಿ ರೊಟ್ಟಿ ಹಿಡಿದು ಹೊರಗೆ ಓಡಿಬಂದಿದ್ದ.

ಆ ಲಾರಿ ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ್ದು. ಮಾವ ಹದಿನಾಲ್ಕು ವರ್ಷ ಇನ್ನೊಬ್ಬರ ಗಾಡಿ ಓಡಿಸಿ ಆಮೇಲೆ ತೆಗೆದುಕೊಂಡದ್ದು. ಮಾತು ಕಡಿಮೆಯ ಮನುಷ್ಯ. ಇನ್ನೊಬ್ಬರ ಗಾಡಿಯಲ್ಲಿ ಕೂತಾಗ ಬೆನ್ನು ಬಾಗಿಸುತ್ತಿದ್ದವನು ತನ್ನದರಲ್ಲಿ ಕೂತಾಗ ನೆಟ್ಟಗಾಗುತ್ತಿದ್ದ. ಮಿಲಿಟರಿ ಹಸಿರು ಬಣ್ಣದ ಮೇಲೆ ನೀಲಿ ಬಣ್ಣ ಬಳಿದಿದ್ದ. ಬಿಸಿಲಿಗೆ ನೀಲಿ ಸಿಪ್ಪೆ ಬಿಟ್ಟು ಒಳಗಿನ ಹಸಿರು ಕಾಣುತ್ತಿತ್ತು. ಸುಗ್ಗಿಯಲ್ಲಿ ಹತ್ತಿ ಹೇರುವುದು, ಉಳಿದ ತಿಂಗಳು ಸಿಕ್ಕಿದ್ದು ಹೇರುವುದು. ಹತ್ತಿಯ ಮೂರು ತಿಂಗಳೇ ಆ ಗಾಡಿಯ ಅನ್ನ. ದಲಾಲಿಯ ಹತ್ತಿ ಪೂರಾ ಮಾವನ ಗಾಡಿಗೇ ಎಂದು ಮಾತಾಗಿತ್ತು.

ವರ್ಷಕ್ಕೊಮ್ಮೆ ಲಾರಿಯ ತಪಾಸಣೆ ಮಾಡಿಸಬೇಕು. ಬ್ರೇಕು, ದೀಪ, ಹಾರ್ನು, ಚಕ್ರ ಎಲ್ಲ ನೋಡಿ, ಗಾಡಿ ರಸ್ತೆಗೆ ಯೋಗ್ಯ ಎಂದು ಮೋಟಾರು ಇನ್ಸ್‌ಪೆಕ್ಟರು ಕಾಗದ ಬರೆದುಕೊಡಬೇಕು. ಎಲ್ಲಿ ಎನ್ನುವುದಕ್ಕೆ ತಕರಾರು ಇರಲಿಲ್ಲ. ನಮ್ಮ ಕಡೆಯ ಗಾಡಿಗಳಿಗೆಲ್ಲ ಲಿಂಗಸುಗೂರು, ಅಲ್ಲಿಯ ಮುಸಾಫಿರ್ ಬಂಗಲೆಯ ಅಂಗಳ. ಎರಡು ತಿಂಗಳಿಗೊಮ್ಮೆ ಇನ್ಸ್‌ಪೆಕ್ಟರು ಬಂದು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಎರಡು ದಿನ ಕೂಡುತ್ತಿದ್ದರು. ಯಾವಾಗ ಎನ್ನುವುದೇ ಆ ವರ್ಷ ಯಾರಿಗೂ ತಿಳಿಯದ ಮಾತಾಯಿತು.

ಯಾಕೆಂದರೆ ಹಿಂದಿನ ವರ್ಷದ ಕಾಗದ ನಿಜಾಮನ ಆಡಳಿತದ ಕಾಗದ. ಉರ್ದುವಿನಲ್ಲಿ, ಫಸಲಿ ತಿಂಗಳ ಲೆಕ್ಕದಲ್ಲಿ ಬರೆದದ್ದು. ಗಾಡಿಯ ಮುದ್ದತು 'ಇಸ್ಫಂದಾರ ತಿಂಗಳ ಕೊನೆಯವರೆಗೆ' ಎಂದು ಅದರಲ್ಲಿತ್ತು. ಅಷ್ಟರಲ್ಲಿ ಹಿಂದುಸ್ತಾನದ ಫೌಜು ಬಂತು, ನಿಜಾಮನ ಆಡಳಿತ ಮುಗಿಯಿತು, ಕಚೇರಿಗಳೆಲ್ಲ ಇಂಗ್ಲಿಷ್ ತಿಂಗಳಿಗೆ ತಿರುಗಿದವು. ಜನ ಮಾತ್ರ ಮೊದಲಿನಂತೆ ಅಮಾವಾಸ್ಯೆ ಹುಣ್ಣಿಮೆ ಎಣಿಸುತ್ತಿದ್ದರು. ಒಂದೇ ಮನೆಯೊಳಗೆ ಮೂರು ಕಾಲ ನಡೆಯುತ್ತಿದ್ದವು.

ಜನವರಿಯ ಒಂದು ಮಧ್ಯಾಹ್ನ ಮಾವ ತಗಡಿನ ಡಬ್ಬಿಯಿಂದ ಆ ಕಾಗದ ತೆಗೆದು ನನ್ನ ಮುಂದೆ ಹಿಡಿದ.

"ಲೇ, ಇದರ ಮುದ್ದತು ಎಂದಿಗೆ ಮುಗಿತೈತಿ ನೋಡು. ನಾಳಿನ ಬುಧವಾರ ಇನ್ಸ್‌ಪೆಕ್ಟರು ಲಿಂಗಸುಗೂರಿಗೆ ಬರ್ತಾರಂತ. ಹೋಗಬೇಕೋ ಏನು?"

ಹೋಗೋಣ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನನ್ನನ್ನು ಕೇಳಿದ್ದಾರೆ, ಸುಮ್ಮನೆ ಹೇಳಿದರೆ ಹೇಗೆ? ಎದ್ದು ನಿಂತೆ. ಉರ್ದು ಶಾಲೆಯಲ್ಲಿ ನಮಗೆ ಹನ್ನೆರಡು ತಿಂಗಳು ಬಾಯಿಪಾಠ ಮಾಡಿಸಿದ ಮೇಷ್ಟ್ರ ಮೂಗಿನ ದನಿ ತೆಗೆದು, ಬೆರಳ ಗೆಣ್ಣು ಎಣಿಸುತ್ತ ಶುರು ಮಾಡಿದೆ: "ಅಜೂ...ರ, ದೈ, ಬಹಮನ್, ಇಸ್ಫಂದಾ...ರ..." ರಾಗ ಒಂದಿಷ್ಟೂ ತಪ್ಪಲಿಲ್ಲ. ಲೆಕ್ಕ ಮಾತ್ರ ತಪ್ಪಿತು. ವರ್ಷದ ಮೊದಲ ತಿಂಗಳು ಅಜೂರ. ಅದು ಅಕ್ಟೋಬರ್ ಮೊದಲ ವಾರಕ್ಕೇ ಹುಟ್ಟುತ್ತದೆ. ನಾನು ದೀಪಾವಳಿ ರಜೆಯ ನೆನಪು ಹಿಡಿದುಕೊಂಡು ಅದನ್ನು ನವೆಂಬರಿಗೆ ಕಟ್ಟಿದೆ. ಮೊದಲ ಗೆಣ್ಣು ತಪ್ಪಿದ ಮೇಲೆ ಉಳಿದ ಗೆಣ್ಣು ಏನು ಮಾಡಿಯಾವು?

"ಮಾರ್ಚ್ ಮೊದಲನೇ ವಾರದತನಕ ಚಿಂತಿ ಇಲ್ಲ ಮಾವಾ," ಎಂದೆ. "ಈಗ ಎರಡು ದಿನ ಹತ್ತಿ ಬಿಟ್ಟು ಯಾಕ ಹೋಗ್ತಿ? ಮಾರ್ಚಿನ್ಯಾಗ ಹೋದರಾತು."

ಒಲೆಯ ಮುಂದಿದ್ದ ಅತ್ತಿ ತಲೆ ಎತ್ತಿದಳು. "ತಹಶೀಲಿ ಕಾರಕೂನರನ್ನ ಒಂದ ಮಾತು ಕೇಳಿ ಬರ್ರಿ. ಇವನ ಮಾತು ಕಟಿಗೊಂಡು..."

ಅವಳು ಮಾತು ಮುಗಿಸುವುದಕ್ಕೆ ಬಿಡಲಿಲ್ಲ. ಕಾರಕೂನರು ಹೇಗೆ ಒಂದು ಕಣ್ಣು ಮುಚ್ಚಿ ಕಾಗದವನ್ನು ಮೂಗಿಗೆ ತಾಗಿಸಿ ಓದುತ್ತಾರೆ, ಓದಿ ಮುಗಿಸಿದ ಮೇಲೆ "ನಾಳೆ ಬಾ" ಎನ್ನುತ್ತಾರೆ ಎಂಬುದನ್ನು ಮಾಡಿ ತೋರಿಸಿದೆ. ಅತ್ತಿ ಪಕಪಕ ನಕ್ಕಳು. ಕೈಯಲ್ಲಿದ್ದ ರೊಟ್ಟಿ ಹರಿಯಿತು. ಮಾವ ಕೂಡ ನಕ್ಕ. ಕಾರಕೂನರನ್ನು ಕೇಳಲು ಯಾರೂ ಹೋಗಲಿಲ್ಲ.

ಆ ಬುಧವಾರ ಊರಿನ ಉಳಿದ ಎರಡು ಲಾರಿಯವರು ಲಿಂಗಸುಗೂರಿಗೆ ಹೋಗಿಬಂದರು. ಅವರು ಗಾಬರಿಯಲ್ಲಿ ಗಾಡಿ ತೊಳೆಯುವುದನ್ನು, ಹೆಂಡತಿಯರಿಂದ ತೆಂಗಿನಕಾಯಿ ಒಡೆಸುವುದನ್ನು ನಾನು ವಾರವಿಡೀ ಅಣಕಿಸಿದೆ.

ಫೆಬ್ರವರಿ ನಡುವಿನಲ್ಲಿ ಹತ್ತಿ ಹೇರಿಕೊಂಡು ಮಸ್ಕಿ ದಾರಿಯಲ್ಲಿ ಹೋಗುತ್ತಿದ್ದೆವು. ಗಾಡಿಗಳನ್ನು ತಡೆದು ಕಾಗದ ನೋಡುವ ಮಸ್ಕಿಯ ನಾಕಾದಲ್ಲಿ ಜಮಾದಾರ ಕೈ ಅಡ್ಡ ಹಿಡಿದ. ಹಳೆಯ ಆಡಳಿತದಲ್ಲೂ ಇದ್ದವನೇ, ಉರ್ದು ಬಲ್ಲವನು. ಕಾಗದ ನೋಡಿದ, ನಮ್ಮನ್ನು ನೋಡಿದ.

"ಇಸ್ಫಂದಾರ ಮುಗದು ಹತ್ತು ದಿನದ ಮ್ಯಾಲಾತು. ಇದು ಫರ್ವರ್ದಿ ನಡದೈತಿ. ಏನು, ಗಾಡಿ ಹಂಗ ಓಡಸಾಕತ್ತೀರಿ?"

"ಮಾರ್ಚಿನತನಕ ಐತಲ್ರೀ," ಎಂದೆ.

"ಯಾರು ಹೇಳಿದರು?"

ಮಾವ ನನ್ನ ಕಡೆ ನೋಡಿದ. ನಾನು ಉಗುಳು ನುಂಗಿದೆ. ನಾನೇ ಮಾಡಿ ತೋರಿಸುತ್ತಿದ್ದೆನಲ್ಲ, ಥೇಟ್ ಹಾಗೆಯೇ.

ಜಮಾದಾರ ಕೆಟ್ಟವನಲ್ಲ. ಗಾಡಿಯನ್ನು ಜಪ್ತಿ ಮಾಡಲಿಲ್ಲ. ಅಲ್ಲಿಯೇ ಹತ್ತಿ ಇಳಿಸಹೇಳಿ, ಖಾಲಿ ಗಾಡಿ ಸಿಂಧನೂರಿಗೆ ಹೋಗಲು ಒಂದು ಚೀಟಿ ಕೊಟ್ಟ. ತಪಾಸಣೆ ಆಗುವವರೆಗೆ ಚಾಲೂ ಮಾಡಿ ರಸ್ತೆಗೆ ತರಕೂಡದು ಎಂದು ಕಾಗದದ ಹಿಂದೆ ಬರೆದ.

"ಚಾಲೂ ಮಾಡದ ಲಿಂಗಸುಗೂರಿಗೆ ಹೆಂಗ ಒಯ್ಯಲ್ರೀ?" ಮಾವ ಕೇಳಿದ.

"ಅದು ನಿಮ್ಮ ಕೆಲಸ. ನಂದು ಬರಿಯೂದು," ಎಂದ ಜಮಾದಾರ.

ಇನ್ಸ್‌ಪೆಕ್ಟರು ಮುಂದಿನ ಸಲ ಲಿಂಗಸುಗೂರಿಗೆ ಬರುವುದು ಮಾರ್ಚಿನಲ್ಲಿ. ಯುಗಾದಿಗೆ ಹತ್ತು ಹನ್ನೆರಡು ದಿನ ಮುಂಚೆ. ಮನೆಗೆ ಬಂದ ದಲಾಲಿ ಎಲೆ ಅಡಿಕೆ ಉಗುಳಿ ಬಂದು ಮಾತಾಡಿದ. ಅವನು ಬಾಯಿ ಖಾಲಿ ಮಾಡಿಕೊಂಡು ಮಾತಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ನಿಮ್ಮ ಮುಖ ನೋಡಿ ಯುಗಾದಿ ಪಾಡ್ಯದತನ ಕಾಯ್ತೀನಿ. ಅಲ್ಲಿತನ ಬಂಡಿಮ್ಯಾಲೆ ಸಾಗಸ್ತೀನಿ. ಪಾಡ್ಯಕ್ಕ ನಿಮ್ಮ ಗಾಡಿ ಬಂದು ನಿಂತಿರಬೇಕು. ಇಲ್ಲಂದ್ರ ಬ್ಯಾರೇ ಲಾರಿಯವರಿಗೆ ಮಾತು ಕೊಡ್ತೀನಿ. ಆಮ್ಯಾಲೆ ನನ್ನ ಬೈಬ್ಯಾಡ್ರಿ."

ಆ ಒಂದು ತಿಂಗಳು ಲಾರಿ ಮನೆಯ ಮುಂದೆ ನಿಂತಿತ್ತು. ಕೋಳಿಗಳು ಅದರ ಕೆಳಗೆ ಮಣ್ಣು ಕೆದರಿಕೊಂಡು ಮಲಗುತ್ತಿದ್ದವು. ಮಾವ ದಿನಾ ಬೆಳಿಗ್ಗೆ ಎದ್ದು ಅದರ ಗಾಜು ಒರೆಸಿ ಒಳಗೆ ಬರುತ್ತಿದ್ದ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅದನ್ನೂ ಅಣಕಿಸಿ ಹಗುರಾಗುತ್ತಿದ್ದೆ. ಬೀದಿಯಲ್ಲಿ ಹತ್ತಿಯ ಬಂಡಿಗಳು ಕಿರುಗುಟ್ಟುತ್ತ ಸಾಲಾಗಿ ಹೋಗುವಾಗ ಅವನು ಮುಖ ತಿರುಗಿಸಿಕೊಂಡು ಕೂಡುತ್ತಿದ್ದ. ಅತ್ತಿ ಮಾತ್ರ ನನಗೆ ರೊಟ್ಟಿ ಹಾಕುವಾಗ, "ಉಣ್ಣು, ಇನ್ನೂ ಇಸ್ಫಂದಾರ ಮುಗದಿಲ್ಲ," ಎನ್ನುತ್ತಿದ್ದಳು.

ಒಂದು ದಿನ ಮಾವ ತುರ್ವಿಹಾಳಕ್ಕೆ ನಡೆದುಹೋದ. ಬರುವಾಗ ಅತ್ತಿಯ ಕಡೆಯ ಸಂಬಂಧದ ಒಬ್ಬ ಕಾಕಾನನ್ನೂ, ಅವನ ಎರಡು ಜೊತೆ ಎತ್ತುಗಳನ್ನೂ, ಎರಡು ನೊಗವನ್ನೂ, ದಪ್ಪನೆಯ ಹಗ್ಗವನ್ನೂ ತಂದ.

"ಚಾಲೂ ಮಾಡಬ್ಯಾಡ ಅಂತ ಬರದಾರ," ಎಂದ. "ಎಳಿಬ್ಯಾಡ ಅಂತ ಬರದಿಲ್ಲ."

ಹೀಗೆ ನಾವು ಲಾರಿಗೆ ಎತ್ತು ಹೂಡಿದೆವು. ಸಿಂಧನೂರಿನಿಂದ ಮಸ್ಕಿ, ಮಸ್ಕಿಯಿಂದ ಲಿಂಗಸುಗೂರು. ಲಾರಿ ತನ್ನ ಕಾಲ ಮೇಲೆ ಎರಡು ತಾಸಿನಲ್ಲಿ ಹೋಗುವ ದಾರಿ. ನಮಗೆ ಮೂರು ದಿನ ಹಿಡಿಯಿತು. ಕಾಕಾ ಎತ್ತಿನ ಪಕ್ಕದಲ್ಲಿ ಬಾರುಕೋಲು ಹಿಡಿದು ನಡೆದ. ಮಾವ ಸ್ಟೇರಿಂಗ್ ಹಿಡಿದು ಮೇಲೆ ಕುಳಿತ. ಲೆಕ್ಕ ತಪ್ಪಿಸಿದ ಪಂಡಿತನಾದ ನಾನು ಮಾವನ ಪಕ್ಕದಲ್ಲಿ.

"ಮುಖ ಐತಿ, ಎರಡು ಕಣ್ಣು ಅದಾವ, ಕಾಲೂ ನಾಲ್ಕದಾವ," ಎಂದ ಕಾಕಾ, ಲಾರಿಯನ್ನು ಸುತ್ತಿ ನೋಡಿ. "ಮೇವು ತಿನ್ನಾಂಗಿಲ್ಲ, ಅಷ್ಟ ಪುಣ್ಯ. ತಮ್ಮಾ, ನಿನಗಿಂತ ವಾಸಿ."

ಊರು ದಾಟುವ ಮುಂಚೆಯೇ ಜನ ಸೇರಿದರು. ಹೆಂಗಸರು ಕೊಡ ಇಳಿಸಿ ನಿಂತರು. ತೇರೆಂದು ತಿಳಿದ ಒಬ್ಬ ಮುದುಕ, "ಯಾವ ದೇವರ ಉಚ್ಚಾಯಿ ಇದು?" ಎಂದು ಕೇಳಿ ಕೈಮುಗಿದ. ಮಾವ ತಲೆ ತಗ್ಗಿಸಿಕೊಂಡ. ಆಗ ನಾನು ಮಾವನಿಗೆ ಸಮಾಧಾನವಾಗಲಿ ಎಂದೇ ಶುರು ಮಾಡಿದೆ, ಆಣೆ ಮಾಡಿ ಹೇಳುತ್ತೇನೆ. ಹ್ಯಾಂಡಲ್ ತಿರುಗಿಸಿದ ಸದ್ದು, ಕೆಮ್ಮು, ಒಂದನೇ ಗೇರಿನ ನರಳಾಟ. ಮುಂದೆ ಜನ ಅಡ್ಡ ಬಂದರೆ 'ಪೋಂ ಪೋಂ' ಎಂದು ಹಾರ್ನು. ಎತ್ತುಗಳು ಮೊದಲು ಬೆದರಿದವು, ಆಮೇಲೆ ಒಗ್ಗಿಕೊಂಡವು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಳ್ಳಿ ಬಂದಾಗಲೆಲ್ಲ ನನ್ನ ಲಾರಿ ಓಡುತ್ತಿತ್ತು.

ನಡುವೆ ಒಮ್ಮೆ ಸುಮ್ಮನೆ ಪಕ್ಕಕ್ಕೆ ನೋಡಿದೆ. ನಾನು ಒಂದನೇ ಗೇರಿನಿಂದ ಎರಡನೆಯದಕ್ಕೆ ದನಿ ಬದಲಿಸಿದಾಗ ಮಾವನ ಎಡಗಾಲು ತನ್ನಷ್ಟಕ್ಕೆ ಕ್ಲಚ್ಚು ಒತ್ತಿತು. ಅವನಿಗೆ ಅದು ಗೊತ್ತೇ ಇರಲಿಲ್ಲ. ಕಣ್ಣು ರಸ್ತೆಯ ಮೇಲೆಯೇ ಇತ್ತು. ನಾನು ಪರೀಕ್ಷೆಗೆಂದು ಮತ್ತೆ ಬದಲಿಸಿದೆ, ಕಾಲು ಮತ್ತೆ ಒತ್ತಿತು. ನನ್ನ ಗಂಟಲಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನು ಎಂದುಕೊಂಡೆ. ಆಗ ನಾನು ಯೋಚಿಸಿದ್ದು ಅಷ್ಟೇ, ನಾಚಿಕೆಯಿಂದ ಬರೆಯುತ್ತಿದ್ದೇನೆ.

ಮಸ್ಕಿಯಲ್ಲಿ ಗುಡ್ಡದ ಬುಡಕ್ಕೆ ಎತ್ತು ಬಿಚ್ಚಿ ನೀರು ಕುಡಿಸಿದೆವು. ಆ ಗುಡ್ಡದ ಬಂಡೆಯ ಮೇಲೆ ಯಾವನೋ ರಾಜ ಸಾವಿರಾರು ವರ್ಷದ ಹಿಂದೆ ಬರೆಸಿದ ಅಕ್ಷರ ಇದೆ. ಮಾವ ಬುತ್ತಿ ಬಿಚ್ಚುತ್ತ ಅದರ ಕಡೆ ನೋಡಿ ಕೇಳಿದ: "ಅದರಾಗ ಮುದ್ದತು ಬರದಾರೇನು?"

"ಇಲ್ಲ ಮಾವಾ."

"ಪುಣ್ಯವಂತ," ಎಂದು ರೊಟ್ಟಿ ಮುರಿದ. ಆ ಮೂರು ದಿನದಲ್ಲಿ ಅವನು ಆಡಿದ ತಮಾಷೆ ಅದೊಂದೇ, ಅದು ತಮಾಷೆಯೋ ಅಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ.

ನಾಕಾದಲ್ಲಿ ಅದೇ ಜಮಾದಾರ. ಎತ್ತಿನ ಕೊಂಬಿನಿಂದ ಲಾರಿಯ ಹಿಂದಿನ ಹಲಗೆಯವರೆಗೆ ಸಾವಕಾಶ ನಡೆದು ನೋಡಿದ. ಎಂಜಿನ್ನಿನ ಮೇಲೆ ಕೈಯಿಟ್ಟ. ತಣ್ಣಗಿತ್ತು. "ಎತ್ತಿನ ಬಂಡಿಗೆ ನಾನು ಕೇಳೂ ಕಾಗದ ಇಲ್ಲ. ಹೋಗ್ರಿ," ಎಂದು ಅಡ್ಡಗಂಬ ಎತ್ತಿದ. ಮೇಲೆ ಕೂತಿದ್ದ ನನಗೆ, "ಏ ಪಂಡಿತ, ಇವತ್ತ ಯಾವ ತಿಂಗಳಪಾ?" ಎಂದ.

ಮಸ್ಕಿ ದಾಟಿದ ಮೇಲೆ ಏರು. ಎರಡು ಜೊತೆ ಸಾಲಲಿಲ್ಲ. ಕಾಕಾ ಸಂತೆಕಲ್ಲೂರಿನ ಬೀಗರಿಗೆ ಹೇಳಿ ಕಳಿಸಿ ಇನ್ನೊಂದು ಜೊತೆ ತರಿಸಿದ. ಇಳಿಜಾರಿನಲ್ಲಿ ಲಾರಿ ಎತ್ತುಗಳ ಹಿಂಗಾಲಿಗೆ ಬರದಂತೆ ಮಾವ ಬ್ರೇಕು ಹಿಡಿದದ್ದನ್ನು ನೋಡಿ, ಕಾಕಾ ಮೊದಲ ಸಲ ಗೌರವದಿಂದ, "ಬ್ರೇಕ್ ಭಾಳ ಚಂದ ಅದಾವಪಾ," ಎಂದ. ಮಾವನ ಬೆನ್ನು ತುಸು ನೆಟ್ಟಗಾಯಿತು.

ಮೂರನೇ ದಿನ ಹೊತ್ತು ಏರುವಾಗ ಲಿಂಗಸುಗೂರಿನ ಮುಸಾಫಿರ್ ಬಂಗಲೆ ಮುಟ್ಟಿದೆವು. ಬೇವಿನ ಮರದ ಕೆಳಗೆ ಹೊಸ ಇನ್ಸ್‌ಪೆಕ್ಟರು ಕೂತಿದ್ದರು. ಬಳ್ಳಾರಿಯ ಕಡೆಯಿಂದ ಬಂದವರು. ಸುತ್ತ ಏಳೆಂಟು ಗಾಡಿಗಳು, ಅವುಗಳ ಡ್ರೈವರುಗಳು. ಆರು ಎತ್ತು ಎಳೆದ ಲಾರಿ ಅಂಗಳಕ್ಕೆ ಬಂದಾಗ ಇನ್ಸ್‌ಪೆಕ್ಟರು ಕುರ್ಚಿಯಿಂದ ಎದ್ದರು.

"ಏನಿದು?"

"ಲಾರಿ ರೀ," ಎಂದ ಕಾಕಾ. "ಮುದ್ದತು ಮುಗದೈತಿ ಅಂತ ಚಾಲೂ ಮಾಡಿಲ್ರಿ."

ಇನ್ಸ್‌ಪೆಕ್ಟರು ಗಂಟಲು ಸರಿಪಡಿಸಿಕೊಂಡು, ಕನ್ನಡಕವನ್ನು ಒಂದು ಬೆರಳಿನಿಂದ ಮೇಲೆ ತಳ್ಳಿ, "ಕಾನೂನು ಏನು ಹೇಳ್ತದೆ ಅಂದ್ರೆ, ನೀವು ಮಾಡಿದ್ದೇ ಸರಿ," ಎಂದರು. "ನಾನು ಇಲ್ಲಿಗೆ ಬಂದ ಮೇಲೆ ಕಾನೂನು ಪಾಲಿಸಿದವರನ್ನು ನೋಡಿದ್ದು ಇವತ್ತೇ. ಅವೂ ಎತ್ತುಗಳು."

ಎಲ್ಲರೂ ನಕ್ಕರು. ಮಾವ ಕೂಡ ತುಟಿ ಸಡಿಲಿಸಿದ. ಇನ್ಸ್‌ಪೆಕ್ಟರು ಪ್ರತಿ ಮಾತಿಗೂ ಮೊದಲು ಹಾಗೆಯೇ ಕೆಮ್ಮುತ್ತಾರೆ, ಹಾಗೆಯೇ ಕನ್ನಡಕ ತಳ್ಳುತ್ತಾರೆ ಎಂಬುದು ನನ್ನ ಕಣ್ಣಿಗೆ ಬಿತ್ತು. ಮಾವ ಹಳೆಯ ಕಾಗದ ಕೊಟ್ಟ. ಅವರು ಅದನ್ನು ಕಣ್ಣ ಮುಂದೆ ಹಿಡಿದು, ಮೇಲಿಂದ ಕೆಳಗೆ ಸಾವಕಾಶ ಓದಿದವರಂತೆ ತಲೆಯಾಡಿಸಿ, ಮಡಚಿ ಕೊಟ್ಟರು. ಉರ್ದು ಕಾಗದವನ್ನು ಅವರು ತಲೆಕೆಳಗಾಗಿ ಹಿಡಿದಿದ್ದರು. ಅದೂ ನನ್ನ ಕಣ್ಣಿಗೆ ಬಿತ್ತು.

ತಪಾಸಣೆ ಶುರುವಾಯಿತು. ತಿಂಗಳ ಮೇಲೆ ನಿಂತ ಎಂಜಿನ್ನು ಹತ್ತು ಸಲ ಹ್ಯಾಂಡಲ್ ತಿರುಗಿಸಿದ ಮೇಲೆ ಕೆಮ್ಮಿ, ಹೊಗೆ ಉಗುಳಿ, ಹಿಡಿದುಕೊಂಡಿತು. ಮಾವನ ಮುಖದಲ್ಲಿ ಒಂದು ತಿಂಗಳಿಂದ ಕಾಣದ ಬೆಳಕು. ನೆಲದ ಮೇಲೆ ಸುಣ್ಣದ ಗೆರೆ ಎಳೆದಿದ್ದರು. ಓಡಿಬಂದು ಅದರ ಮುಂದೆ ನಿಲ್ಲಿಸಬೇಕು. ಮಾವನ ಮುಂದಿನ ಚಕ್ರ ಗೆರೆಯಿಂದ ಒಂದು ಗೇಣು ಹಿಂದೆ ನಿಂತಿತು. ದೀಪ ಹತ್ತಿದವು. ಚಕ್ರ ಸರಿ. ಇನ್ಸ್‌ಪೆಕ್ಟರು ಪ್ರತಿಯೊಂದಕ್ಕೂ ಕಾಗದದಲ್ಲಿ ಗುರುತು ಹಾಕುತ್ತ ಬಂದು, ಕೊನೆಗೆ ಕಿಟಕಿಯ ಪಕ್ಕದ ಹಾರ್ನಿನ ರಬ್ಬರ್ ಉಂಡೆ ಹಿಚುಕಿದರು.

'ಫುಸ್' ಎಂದಿತು.

ತಿಂಗಳ ಬಿಸಿಲಿಗೆ ರಬ್ಬರು ಸೀಳಿತ್ತು. ದಾರಿಯ ಮೂರು ದಿನ ನಾನೇ ಬಾಯಲ್ಲಿ ಹಾರ್ನು ಬಾರಿಸಿದ್ದರಿಂದ ಯಾರೂ ನಿಜವಾದ ಹಾರ್ನನ್ನು ಮುಟ್ಟಿ ನೋಡಿರಲಿಲ್ಲ. ಮಾವನ ಮುಖ ಬಿಳುಚಿತು. ಅವರು ಮತ್ತೆ ಹಿಚುಕಿದರು. ನಾನು ಹಿಂದಿನ ಹಲಗೆಯ ಮರೆಯಲ್ಲಿ ನಿಂತಿದ್ದೆ. ಯೋಚನೆ ಮಾಡುವ ಮೊದಲೇ ನನ್ನ ಬಾಯಿ 'ಪೋಂ' ಎಂದಿತು. ಅವರು ತಲೆಯಾಡಿಸಿದರು. ಇನ್ನೊಮ್ಮೆ ಕೈ ಚಾಚಿದರು. ಈ ಸಲ ಮುಟ್ಟಲಿಲ್ಲ, ಬರೀ ಚಾಚಿದರು. ನಾನು ಇನ್ನೂ ಜೋರಾಗಿ 'ಪೋಂ' ಎಂದೆ.

ಅಂಗಳವೆಲ್ಲ ನಗು. ಇನ್ಸ್‌ಪೆಕ್ಟರು ಲಾರಿಯನ್ನು ಸುತ್ತಿ ಬಂದು ನನ್ನನ್ನು ನೋಡಿ, ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಒಳ್ಳೆಯ ಮನುಷ್ಯ. ಸುಳ್ಳು ಹಾರ್ನಿಗೆ ಸಿಟ್ಟು ಮಾಡಲಿಲ್ಲ. "ಬಜಾರಿಗೆ ಹೋಗಿ ರಬ್ಬರ್ ತಂದು ಹಾಕ್ರಿ. ಸಂಜೆಯೊಳಗೆ ದಸ್ತಖತ್ತು ಮಾಡಿಕೊಡ್ತೀನಿ," ಎಂದರು.

ಬಜಾರು ಕೂಗಿದರೆ ಕೇಳಿಸುವಷ್ಟು ದೂರ. ಮಾವ ನನಗೆ, "ಓಡಲೇ, ತಗೊಂಬಾ," ಎಂದ.

ನಾನು ಓಡಲಿಲ್ಲ. ಡ್ರೈವರುಗಳು "ಇನ್ನೊಮ್ಮೆ, ಇನ್ನೊಮ್ಮೆ" ಎನ್ನುತ್ತಿದ್ದರು. ಇನ್ಸ್‌ಪೆಕ್ಟರೂ ಕುರ್ಚಿಯಲ್ಲಿ ಕೂತು, "ಮಾಡು ಮಾಡು," ಎಂದರು. ಲಾರಿಯನ್ನು ಮಾಡಿದೆ. ಏರಿನಲ್ಲಿ ಮುಕ್ಕರಿಯುವ ಎತ್ತನ್ನು ಮಾಡಿದೆ. ಮಸ್ಕಿಯ ಜಮಾದಾರನನ್ನು ಮಾಡಿದೆ. ಇನ್ಸ್‌ಪೆಕ್ಟರು ತೊಡೆ ತಟ್ಟಿಕೊಂಡರು. ಮಾವ ಒಂದು ಬದಿಯಿಂದ, "ಸಾಕಲೇ, ಹೋಗು," ಎನ್ನುತ್ತಲೇ ಇದ್ದ. ಅಷ್ಟರಲ್ಲಿ ಹಿಂದಿನಿಂದ ಯಾವನೋ ಕೂಗಿದ:

"ಸಾಹೇಬರನ್ನ ಮಾಡಪಾ!"

ಅದಕ್ಕಿಂತ ಚೆನ್ನಾಗಿ ನಾನು ಯಾರನ್ನೂ ಮಾಡಿಲ್ಲ. ಕೆಮ್ಮಿದೆ, ಒಂದು ಬೆರಳಿನಿಂದ ಇಲ್ಲದ ಕನ್ನಡಕವನ್ನು ಮೇಲೆ ತಳ್ಳಿದೆ. "ಕಾನೂನು ಏನು ಹೇಳ್ತದೆ ಅಂದ್ರೆ..." ಎಂದೆ. ನಗು ಎದ್ದಿತು. ಇನ್ಸ್‌ಪೆಕ್ಟರೂ ನಗುತ್ತಿದ್ದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಮಾವನ ಕೈಯಿಂದ ಉರ್ದು ಕಾಗದ ಕಸಿದು, ಎಲ್ಲರಿಗೂ ಕಾಣುವಂತೆ ತಲೆಕೆಳಗೆ ಮಾಡಿ, ಕಣ್ಣ ಮುಂದೆ ಹಿಡಿದು, ಮೇಲಿಂದ ಕೆಳಗೆ ಸಾವಕಾಶ ತಲೆಯಾಡಿಸುತ್ತ ಓದಿದೆ.

ಆ ಅಂಗಳದ ಡ್ರೈವರುಗಳಲ್ಲಿ ಮುಕ್ಕಾಲು ಮಂದಿ ಉರ್ದು ಓದಬಲ್ಲವರು. ನಗು ಒಮ್ಮೆ ಭುಗಿಲೆಂದು ಎದ್ದು, ಇನ್ಸ್‌ಪೆಕ್ಟರ ಮುಖ ನೋಡಿ, ಒಬ್ಬೊಬ್ಬರದೇ ನಿಂತುಹೋಯಿತು. ಅವರು ಕನ್ನಡಕ ಹಾಕಿಕೊಂಡರು. ಕೆಮ್ಮಲಿಲ್ಲ. ಕಾಗದ ಮುಂದಕ್ಕೆ ಎಳೆದುಕೊಂಡು ಬರೆದರು. ಬರೆದದ್ದನ್ನು ಓದಿ ಹೇಳಿದರು: "ಹಾರ್ನ್ ಇಲ್ಲ. ಮುಂದಿನ ಕ್ಯಾಂಪಿಗೆ ಗಾಡಿ ಹಾಜರುಪಡಿಸತಕ್ಕದ್ದು."

"ಸಾಹೇಬ್ರ, ಸಂಜಿತನಾ ಅಂದಿದ್ರಿ..." ಎಂದ ಮಾವ.

"ಮುಂದಿನ ಕ್ಯಾಂಪಿಗೆ."

"ಯಾವಾಗ್ರೀ? ಎಲ್ಲಿ?"

"ಇಲ್ಲೇ. ಮೇ ತಿಂಗಳು."

ಆಗ ಓಡಿದೆ. ಅಂಗಡಿಯಲ್ಲಿ ರಬ್ಬರು ತಂದು, ಏದುಸಿರು ಬಿಡುತ್ತ ಹಾರ್ನಿಗೆ ಸಿಕ್ಕಿಸಿದೆ. ಮಾವ ಒಮ್ಮೆ ಹಿಚುಕಿದ. ಪೋಂ ಎಂದಿತು, ನಾನು ಮಾಡುತ್ತಿದ್ದುದಕ್ಕಿಂತ ಸ್ವಲ್ಪ ದಪ್ಪನೆಯ ದನಿ. ಇನ್ಸ್‌ಪೆಕ್ಟರು ಬೇರೆ ಗಾಡಿಯ ಚಕ್ರ ನೋಡುತ್ತಿದ್ದರು, ತಿರುಗಲಿಲ್ಲ. ನಾನು ಅವರ ಕಾಲು ಹಿಡಿಯಲು ಹೋದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡು, ಯಾರಿಗೋ ಹೇಳುವಂತೆ, "ಇವನನ್ನು ಆಚೆ ಕರಕೊಂಡು ಹೋಗ್ರಿ," ಎಂದರಷ್ಟೇ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಕಾಕಾ ಜೋಳದ ರಾಶಿ ಬಿಟ್ಟು ಬಂದವನು. ಮತ್ತೆ ಮೂರು ದಿನ ಲಾರಿ ಎಳೆದುಕೊಂಡು ಹೋಗಲು ಅವನ ಎತ್ತಿನಲ್ಲಿ ಕಸುವಿರಲಿಲ್ಲ. ನೊಗ ಬಿಚ್ಚಿ ಅವುಗಳ ಕುತ್ತಿಗೆ ಸವರಿದ. ಲಾರಿಯನ್ನು ಬಂಗಲೆಯ ಗೋಡೆಗೆ ಒತ್ತಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟೆವು. ಮಾವ ಗಾಜು ಒರೆಸಿದ. ಆಮೇಲೆ ನಾವು ಎತ್ತುಗಳ ಹಿಂದೆ ನಡೆದುಕೊಂಡು ಮಸ್ಕಿಗೆ ಬಂದೆವು. ನಾಕಾದ ಜಮಾದಾರ ನಮ್ಮ ಹಿಂದೆ ಲಾರಿಯನ್ನು ಹುಡುಕಿದ. ಆಮೇಲೆ ಅಡ್ಡಗಂಬ ಎತ್ತಿ ಬಿಟ್ಟ.

ಯುಗಾದಿ ಪಾಡ್ಯದ ದಿನ ಬೇವು ಬೆಲ್ಲ ಹಂಚಲು ಬಂದ ದಲಾಲಿ ಹೊಸ್ತಿಲಲ್ಲೇ ನಿಂತು ಹೋದ. ಹತ್ತಿ ಇನ್ನೊಬ್ಬರ ಲಾರಿಗೆ ಹೋಯಿತು. ಮೇ ತಿಂಗಳಿನಲ್ಲಿ ಮಾವ ಒಬ್ಬನೇ ಲಿಂಗಸುಗೂರಿಗೆ ಹೋದ. ಎರಡು ಚಕ್ರ ಕೂತುಹೋಗಿದ್ದವಂತೆ, ಹಾರ್ನಿನ ಹೊಸ ರಬ್ಬರನ್ನು ಯಾರೋ ಬಿಚ್ಚಿಕೊಂಡಿದ್ದರಂತೆ. ತಪಾಸಣೆಗೆ ತೋರಿಸಲಿಲ್ಲ. ಸುಗ್ಗಿ ಮುಗಿದ ಮೇಲೆ ತೋರಿಸಿ ಏನು ಹೇರುವುದು? ಅಲ್ಲಿಯವನೊಬ್ಬನಿಗೆ ಗಾಡಿಯನ್ನು ಕೊಟ್ಟು ಬಂದ. ಅವನು ಎಂಜಿನ್ನು ಬಿಚ್ಚಿ ಹಿಟ್ಟಿನ ಗಿರಣಿಗೆ ಕೂಡಿಸಿದ ಎಂದು ಆಮೇಲೆ ಕೇಳಿದೆ.

ಈಗ ನಮ್ಮನ್ನು ಹೈದರಾಬಾದಿನಿಂದ ಬಿಡಿಸಿ ಮೈಸೂರಿಗೆ ಸೇರಿಸಿದ್ದಾರೆ. ಇಸ್ಫಂದಾರ ಎಂದರೆ ಏನೆಂದು ಕೇಳುವ ಹುಡುಗರು ಬಂದಿದ್ದಾರೆ. ಮಾವ ಮತ್ತೆ ಇನ್ನೊಬ್ಬರ ಲಾರಿ ಓಡಿಸುತ್ತಾನೆ. ಬೆನ್ನು ಬಾಗಿದೆ. ಪ್ರತಿ ವರ್ಷ ಆ ಗಾಡಿಯ ತಪಾಸಣೆಗೆ ಇನ್ನೂ ದಿನವಿರುವಾಗಲೇ ಹೋಗಿ ಬೇವಿನ ಮರದ ಕೆಳಗೆ ಕೂಡುತ್ತಾನೆ. ಮಾಲಕರು, "ಇಷ್ಟು ಲಗೂ ಯಾಕ ಹೊಂಟೀದಿ?" ಎಂದರೆ ಗಾಜು ಒರೆಸತೊಡಗುತ್ತಾನೆ.

ಮೊನ್ನೆ ಅತ್ತಿಯ ತಂಗಿಯ ಮಗಳ ಮದುವೆ. ಉಂಡು ಕುಳಿತಾಗ ಬೀಗರ ಕಡೆಯವರು ನನ್ನನ್ನು ಹಿಡಿದುಕೊಂಡರು: "ಆ ಲಾರಿ ಮಾಡಪಾ, ಕೇಳೂಣು." ಅದು ಹೋಗಿ ಏಳು ವರ್ಷವಾಯಿತು, ನನ್ನ ಬಾಯಲ್ಲಿ ಮಾತ್ರ ಇನ್ನೂ ಓಡುತ್ತಿತ್ತು. ಮಾವ ಕಂಬಕ್ಕೆ ಒರಗಿ ಶೇಂಗಾ ಸುಲಿಯುತ್ತಿದ್ದ. ಅವನಿಗೂ ಖುಷಿಯಾದೀತು ಎಂದುಕೊಂಡೆ. ನನ್ನಂಥವನಿಗೆ ಹೊಳೆಯುವುದೇ ಹಾಗೆ. ಹ್ಯಾಂಡಲ್ ತಿರುಗಿಸಿದೆ. ಕೆಮ್ಮಿಸಿದೆ. ಒಂದನೇ ಗೇರು, ಎರಡನೇ ಗೇರು. ಚಪ್ಪರದ ತುಂಬ ನಗು. ನಾನು ಕಣ್ಣಂಚಿನಿಂದ ಮಾವನ ಎಡಗಾಲನ್ನು ನೋಡುತ್ತ ಮೂರನೇ ಗೇರಿಗೆ ಬದಲಿಸಿದೆ. ಕಾಲು ಅಲ್ಲಾಡಲಿಲ್ಲ.

ನಗು ತಗ್ಗುವವರೆಗೆ ಅವನು ಕಾದ. ಕೈಯಲ್ಲಿದ್ದ ಶೇಂಗಾ ಒಡೆದು, ಕಾಳು ಬಾಯಿಗೆ ಹಾಕಿಕೊಳ್ಳದೆ, ಹೇಳಿದ:

"ಮೂರನೇ ಗೇರಿನ್ಯಾಗ ಅದು ಹಂಗ ಒದರ್ತಿರಲಿಲ್ಲ. ನಿನಗ ಅದೂ ಬರಂಗಿಲ್ಲಲೇ."